ಕಾಂಡ್ಲಾ ಗಿಡ ಮತ್ತು ಸವಳು ಹೊಲ

ಅಂಕಲಗಿಯವರಿಗೆ ಸಮುದ್ರ ಅಷ್ಟೇನೂ ದೂರವಿಲ್ಲ. ನಸುಕಿನಲ್ಲಿ ಬೈಕ್ ಏರಿದರೆ ಸಂಜೆಯೊಳಗೆ ಕಾರವಾರದ ಮರಳಿನಲ್ಲಿ ನಿಲ್ಲಬಹುದು. ಆದರೂ ನಮ್ಮ ಭಾಗದ ಎಷ್ಟೋ ಮಕ್ಕಳು ಸಮುದ್ರ ಕಾಣದೆಯೇ ಎಸ್ಸೆಸ್ಸೆಲ್ಸಿ ಮುಗಿಸುತ್ತಾರೆ. ನಮ್ಮ ನದಿಯೂ ಹಾಗೆಯೇ. ಘಟಪ್ರಭೆ ಹುಟ್ಟುವುದು ಪಶ್ಚಿಮ ಘಟ್ಟದಲ್ಲಿ. ಆದರೆ ಅರಬ್ಬಿ ಸಮುದ್ರದ ಕಡೆ ಹೊರಳದೆ ಗೋಕಾಕದಲ್ಲಿ ಧುಮುಕಿ, ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ.

ದಸರಾ ರಜೆಯಲ್ಲಿ ನಾವು ಮೂವರು ಪ್ರಶಿಕ್ಷಣಾರ್ಥಿಗಳು ಎರಡು ಬೈಕಿನಲ್ಲಿ ನಾಲ್ಕು ದಿನದ ಕರಾವಳಿ ಪ್ರವಾಸ ಹೊರಟೆವು. ರಜೆ ಮುಗಿದ ಮೇಲೆ ನನಗೆ 9ನೇ ತರಗತಿಗೆ ‘ಅಭಿಸರಣೆ’ ಪಾಠ ಮಾಡುವುದಿತ್ತು. ತಿರುಗಾಟವೂ ಪಾಠವೂ ಹೇಗೆ ಕೂಡಿಕೊಂಡವು ಎಂಬುದನ್ನು ಬೋಧನಾಭ್ಯಾಸದಲ್ಲಿರುವ ಗೆಳೆಯರಿಗಾಗಿ ಬರೆಯುತ್ತಿದ್ದೇನೆ.

ಬೆಳಗಾವಿ, ಖಾನಾಪುರ, ಅಳ್ನಾವರ, ಹಳಿಯಾಳ ದಾಟಿ ಮೊದಲ ದಿನ ದಾಂಡೇಲಿ ಸೇರಿದೆವು. ಇಲ್ಲಿಂದ ಮುಂದಿನದು ಹುಲಿ ಸಂರಕ್ಷಿತ ಪ್ರದೇಶ. 2007ರಲ್ಲಿ ದಾಂಡೇಲಿ-ಅಣಶಿ ಎಂಬ ಹೆಸರಿನಲ್ಲಿ ಘೋಷಣೆಯಾದದ್ದು 2015ರಲ್ಲಿ ‘ಕಾಳಿ’ ಆಯಿತು. ಇಂಥ ಕಾಡಿನಲ್ಲಿ ಎಲ್ಲೆಂದರಲ್ಲಿ ಡೇರೆ ಹೊಡೆಯುವಂತಿಲ್ಲ. ಅರಣ್ಯ ಇಲಾಖೆಯ ಕುಳಗಿ ನಿಸರ್ಗ ಶಿಬಿರದಲ್ಲಿ ಡೇರೆಗಳಿವೆ; ಮೊದಲೇ ಕಾದಿರಿಸಿ ಅಲ್ಲಿ ಮಲಗಿದೆವು. ಹುಲಿ ಕಾಣಲಿಲ್ಲ. ಆದರೆ ಬೆಳಿಗ್ಗೆ ದಾಂಡೇಲಿಯ ಟಿಂಬರ್ ಡಿಪೋ ಬಳಿ ಮಂಗಟ್ಟೆ ಹಕ್ಕಿಗಳು ಕಂಡವು. ಅವು ಹಾರುವಾಗ ರೆಕ್ಕೆಯ ಸದ್ದು ಕೆಳಗಿನವರಿಗೂ ಕೇಳುತ್ತದೆ. ದಾಂಡೇಲಿ ಕಾಡಿನಲ್ಲಿ ನಾಲ್ಕು ಜಾತಿಯ ಮಂಗಟ್ಟೆಗಳಿವೆ. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಮರದ ಪೊಟರೆಯೊಳಗೆ ಕುಳಿತು, ಕೊಕ್ಕು ತೂರುವಷ್ಟು ಸಂದು ಬಿಟ್ಟು ಬಾಯಿ ಮುಚ್ಚಿಕೊಳ್ಳುತ್ತದೆ. ಆ ಸಂದಿನಿಂದಲೇ ಗಂಡು ಹಣ್ಣು ತಂದು ಉಣಿಸುತ್ತದೆ. ಅಷ್ಟು ದೊಡ್ಡ ಪೊಟರೆ ಎಳೆಯ ಮರದಲ್ಲಿ ಇರುವುದಿಲ್ಲ. ಹಳೆಯ ಮರ ಹೋದರೆ ಆ ಹಕ್ಕಿಯೂ ಹೋಗುತ್ತದೆ.

ಎರಡನೆಯ ದಿನ ಗಣೇಶಗುಡಿಯ ಸೂಪಾ ಅಣೆಕಟ್ಟು ನೋಡಿ, ಜೋಯಿಡಾ ದಾಟಿ ಅಣಶಿ ಘಟ್ಟ ಇಳಿದೆವು. ಸೂಪಾದ ಎತ್ತರ 101 ಮೀಟರ್. ಕದ್ರಾದಲ್ಲಿ ಮತ್ತೆ ಅದೇ ಕಾಳಿಗೆ ಇನ್ನೊಂದು ಅಣೆಕಟ್ಟು. ಒಟ್ಟು 184 ಕಿಲೋಮೀಟರ್ ಹರಿದು ಕಾಳಿ ಕಾರವಾರದಲ್ಲಿ ಸಮುದ್ರ ಸೇರುತ್ತದೆ. ಘಟ್ಟದಲ್ಲಿ ಕುಡಿದ ನೀರೇ ಇಲ್ಲಿ ನಾಲಿಗೆಗೆ ಉಪ್ಪು.

ಕಾರವಾರದಿಂದ ದಕ್ಷಿಣಕ್ಕೆ ರಾಷ್ಟ್ರೀಯ ಹೆದ್ದಾರಿ 66. ಎಡಕ್ಕೆ ಗುಡ್ಡ, ಬಲಕ್ಕೆ ಆಗಾಗ ಇಣುಕುವ ಸಮುದ್ರ. ಹೊನ್ನಾವರ ದಾಟುವುದರೊಳಗೆ ಗಂಗಾವಳಿ, ಅಘನಾಶಿನಿ, ಶರಾವತಿ ಒಂದಾದ ಮೇಲೊಂದು ಎದುರಾಗುತ್ತವೆ. ಕುಮಟಾ ಸಮೀಪ ತೆಂಗಿನ ತೋಟವೊಂದರ ಯಜಮಾನರನ್ನು ಕೇಳಿ ಅಲ್ಲೇ ಡೇರೆ ಹಾಕಿದೆವು. ಅವರು ಒಂದೇ ಮಾತು ಹೇಳಿದರು: ‘ದಂಡೆ ಮೇಲೆ ಬೆಂಕಿ ಹಾಕೂದು ಬೇಡ, ಲೈಟ್ ಬಿಡೂದು ಬೇಡ.’ ಚಳಿಗಾಲದಲ್ಲಿ ಕಡಲಾಮೆಗಳು ಈ ಮರಳಿಗೆ ಬಂದು ಮೊಟ್ಟೆಯಿಡುತ್ತವೆ. ಒಂದು ಗೂಡಿನಲ್ಲಿ ನೂರರಷ್ಟು ಮೊಟ್ಟೆ. ಮರಿ ಹೊರಬರಲು ಸುಮಾರು 50 ದಿನ. ರಾತ್ರಿ ಹೊರಬಂದ ಮರಿ ಹೆಚ್ಚು ಬೆಳಕಿರುವ ದಿಕ್ಕನ್ನೇ ಸಮುದ್ರವೆಂದು ತಿಳಿದು ಹೊರಡುತ್ತದೆ. ದಂಡೆಯಲ್ಲಿ ದೀಪ ಉರಿದರೆ ಅದು ನೆಲದ ಕಡೆ ಹೋಗಿ ಸಾಯುತ್ತದೆ. ಆಗಿನ್ನೂ ಆಮೆಯ ಕಾಲ ಶುರುವಾಗಿರಲಿಲ್ಲ. ಆದರೂ ಆ ಊರಿನವರಿಗೆ ಅದು ವರ್ಷವಿಡೀ ಇರುವ ರೂಢಿ. ಕತ್ತಲಲ್ಲೇ ಅವಲಕ್ಕಿ ತಿಂದು ಮಲಗಿದೆವು. ಬೆಳಿಗ್ಗೆ ಬಂಡೆಯ ಮೇಲೆ ಕುಳಿತಿದ್ದಾಗ ದಡದ ಹತ್ತಿರವೇ ಮೂರು ಡಾಲ್ಫಿನ್‌ಗಳ ಬೆನ್ನು ಎದ್ದು ಮುಳುಗಿದವು.

ಈ ಪ್ರವಾಸದಲ್ಲಿ ನಾನು ಹೆಚ್ಚು ಹೊತ್ತು ನಿಂತದ್ದು ಅಘನಾಶಿನಿ ಅಳಿವೆಯಲ್ಲಿ. ಒಂದೂ ಅಣೆಕಟ್ಟಿಲ್ಲದ ಈ ನದಿಯ ಅಳಿವೆಗೆ 2024ರಲ್ಲಿ ರಾಮ್‌ಸಾರ್ ಮಾನ್ಯತೆ ದೊರೆತಿದೆ. ಇಳಿತದ ಹೊತ್ತಿಗೆ ಹೆಂಗಸರು ಕೆಸರಿನಲ್ಲಿ ಚಿಪ್ಪಿಕಲ್ಲು ಆಯುತ್ತಿದ್ದರು. ದಂಡೆಯ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ತೆನೆ ಬಿಟ್ಟಿತ್ತು. ಕಗ್ಗ ಉಪ್ಪನ್ನೂ ನೆರೆಯನ್ನೂ ತಾಳುವ ತಳಿ. ಮಳೆಗಾಲದಲ್ಲಿ ಸಿಹಿನೀರು ಉಪ್ಪನ್ನು ತೊಳೆದಾಗ ಬೆಳೆಯುತ್ತದೆ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಬ್ಬರದ ನೀರು ಬಂದು ಸಿಗಡಿ, ಮೀನು ಸಿಗುತ್ತವೆ. ಸ್ವಲ್ಪ ದೂರದಲ್ಲೇ ಸಾಣಿಕಟ್ಟಾದ ಉಪ್ಪಿನ ಆಗರ. ಅಲ್ಲಿಯ ಹರಳುಪ್ಪು ಒಂದು ಕಿಲೋ ಕೊಂಡು ಬ್ಯಾಗಿಗೆ ಹಾಕಿಕೊಂಡೆ.

ಕೊನೆಯ ದಿನ ಹೊನ್ನಾವರದ ಕಾಸರಕೋಡಿನಲ್ಲಿ ಶರಾವತಿ ಕಾಂಡ್ಲಾ ನಡಿಗೆ. ಕಾಂಡ್ಲಾ ಕಾಡಿನ ನಡುವೆ ಹಲಗೆ ಹಾಸಿದ ದಾರಿ. ಕೆಳಗೆ ಕೆಸರಿನಲ್ಲಿ ಒಂದೇ ಕೈ ದೊಡ್ಡದಾಗಿರುವ ಗಂಡು ಏಡಿಗಳು, ನೀರಿನಿಂದ ಹೊರಬಂದು ಕುಪ್ಪಳಿಸುವ ಮೀನುಗಳು. ರೈಜೋಫೋರಾ ಜಾತಿಯ ಮರಗಳು ಊರುಗೋಲಿನಂಥ ಬೇರುಗಳ ಮೇಲೆ ನಿಂತು, ಹೆಚ್ಚಿನ ಉಪ್ಪನ್ನು ಬೇರಿನಲ್ಲೇ ತಡೆಯುತ್ತವೆ. ಅವಿಸೀನಿಯಾ ಒಳಗೆ ಬಂದ ಉಪ್ಪನ್ನು ಎಲೆಯ ಗ್ರಂಥಿಗಳಿಂದ ಹೊರಹಾಕುತ್ತದೆ. ಎಲೆಯನ್ನು ಕೀಳದೆ ಬೆರಳಿನಿಂದ ಸವರಿ ನಾಲಿಗೆಗೆ ಮುಟ್ಟಿಸಿದೆ. ಉಪ್ಪು.

ತರಗತಿಯಲ್ಲಿ ಆಲೂಗಡ್ಡೆಯ ಹೋಳುಗಳನ್ನು ಬರೀ ನೀರಿನಲ್ಲೂ ಸಾಣಿಕಟ್ಟಾ ಉಪ್ಪಿನ ಗಟ್ಟಿ ದ್ರಾವಣದಲ್ಲೂ ಇಟ್ಟೆವು. ಅರ್ಧ ಗಂಟೆಗೆ ಒಂದು ಬಿರುಸಾಯಿತು, ಇನ್ನೊಂದು ಮೆತ್ತಗಾಯಿತು. ಹೊರಗೆ ಉಪ್ಪು ಹೆಚ್ಚಿದ್ದರೆ ಜೀವಕೋಶದಿಂದ ನೀರು ಹೊರಹೋಗುತ್ತದೆ ಎಂದು ಕಪ್ಪು ಹಲಗೆಯ ಮೇಲೆ ಬರೆಯುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. ‘ಸರ್, ನಮ್ಮ ಹೊಲದಾಗ ನೀರು ನಿಂತಿರತೈತ್ರಿ. ಆದ್ರೂ ಕಬ್ಬು ಒಣಗತೈತ್ರಿ. ಅದೂ ಹಿಂಗ ಏನ್ರಿ?’

ಅಭಿಸರಣೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನ್ನ ಪಾಠ ಯೋಜನೆಯಲ್ಲಿ ಇರಲಿಲ್ಲ. ಸವಳು ನೆಲದಲ್ಲಿ ನೀರಿದ್ದೂ ಬೇರಿಗೆ ದಕ್ಕುವುದಿಲ್ಲ. ‘ಹಂಗಾದ್ರ ಸಮುದ್ರದ ದಂಡ್ಯಾಗಿನ ಗಿಡ ಹೆಂಗ ಬದಕ್ತಾವ್ರಿ?’ ಎಂದು ಒಬ್ಬಳು ಕೇಳಿದಳು. ಕಾಂಡ್ಲಾದ ಚಿತ್ರಗಳನ್ನು ತೋರಿಸಿದೆ. ಆ ಗಿಡಗಳು ತಮ್ಮ ಜೀವಕೋಶದೊಳಗಿನ ದ್ರಾವಣವನ್ನೇ ಹೊರಗಿನದಕ್ಕಿಂತ ಗಟ್ಟಿಯಾಗಿ ಇಟ್ಟುಕೊಳ್ಳುವುದರಿಂದ ನೀರು ಒಳಗೆ ಬರುತ್ತದೆ ಎಂದೆ. ಕಗ್ಗದ ಗದ್ದೆಯನ್ನೂ ತೋರಿಸಿದೆ. ಆಗ ಆ ಹುಡುಗ ಮತ್ತೆ ಎದ್ದ: ‘ಸರ್, ಕಗ್ಗ ನಮ್ಮ ಹೊಲಕ್ಕ ಬರತೈತೇನ್ರಿ?’

ಅವರ ಒಂದೂವರೆ ಎಕರೆ ಎರಡು ವರ್ಷದಿಂದ ಪಡ ಬಿದ್ದಿದೆ, ಅವರಪ್ಪ ಕಬ್ಬು ಕಡಿಯುವ ಗ್ಯಾಂಗಿಗೆ ಹೋಗುತ್ತಾರೆ ಎಂದು ಪಕ್ಕದವನು ಹೇಳಿದ. ‘ಬರತೈತಿ’ ಎಂದಿದ್ದರೆ ಪಾಠ ಸಂತೋಷದಿಂದ ಮುಗಿಯುತ್ತಿತ್ತು. ಆದರೆ ಮನೆಗೆ ಹೋಗಿ ಅವನು ಅಪ್ಪನಿಗೆ ಹೇಳುವುದು ನನ್ನ ಮಾತನ್ನು. ಹಾಗಾಗಿ ಇದ್ದದ್ದನ್ನೇ ಹೇಳಿದೆ. ಕಗ್ಗಕ್ಕೆ ಕರಾವಳಿಯ ಮಳೆ ಬೇಕು, ಉಪ್ಪು ತೊಳೆಯುವ ಹೊಳೆ ಬೇಕು. ನಮ್ಮ ಎರಿ ಭೂಮಿಯ ಸವಳು ಸಮುದ್ರದಿಂದ ಬಂದದ್ದಲ್ಲ. ಹೆಚ್ಚು ನೀರು ಹಾಯಿಸಿ, ಅದು ಬಸಿದು ಹೋಗದೆ ಉಳಿದಾಗ ಅಂತರ್ಜಲ ಮೇಲೇರುತ್ತದೆ. ನೀರು ಆವಿಯಾಗಿ ಉಪ್ಪು ಮೇಲೆ ಉಳಿಯುತ್ತದೆ. ಬಸಿಗಾಲುವೆ ತೆಗೆಯುವುದು, ನೀರು ಕಡಿಮೆ ಮಾಡುವುದು, ಹಸಿರೆಲೆ ಗೊಬ್ಬರ, ಮಣ್ಣಿಗೆ ಬೇಕಿದ್ದರೆ ಜಿಪ್ಸಂ: ದಾರಿ ಇವೆ. ಯಾವುದು ಎಷ್ಟು ಎಂಬುದು ಮಣ್ಣು ಪರೀಕ್ಷೆಯಿಂದ ಗೊತ್ತಾಗಬೇಕು.

ಮರುದಿನ ಅವನು ಹೊಲದ ಬಿಳಿ ಹೆಪ್ಪಿನ ಮಣ್ಣನ್ನು ಡಬ್ಬಿಯಲ್ಲಿ ತಂದ. ನೀರಿನಲ್ಲಿ ಕಲಸಿ, ಸೋಸಿ, ತಟ್ಟೆಗೆ ಹಾಕಿ ಬಿಸಿಲಿಗೆ ಇಟ್ಟೆವು. ಸಂಜೆಗೆ ತಟ್ಟೆಯ ಅಂಚಿನಲ್ಲಿ ಬಿಳಿ ಪದರ ಉಳಿದಿತ್ತು. ಒಂದು ಅವಧಿಯ ಪಾಠ ಮೂರು ಅವಧಿ ಹಿಡಿಯಿತು; ಮಾರ್ಗದರ್ಶಕ ಶಿಕ್ಷಕರು ತಮ್ಮ ಅವಧಿಯನ್ನೂ ಬಿಟ್ಟುಕೊಟ್ಟರು. ಹೊಲದ ಏಳೆಂಟು ಕಡೆ ಗೇಣುದ್ದ ಅಗೆದು ಮಣ್ಣು ತೆಗೆದು, ಕೂಡಿಸಿ, ಅರ್ಧ ಕಿಲೋ ಕಟ್ಟುವುದು ಹೇಗೆಂದು ಇಡೀ ತರಗತಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿತು. ಆ ವಾರದ ಕೊನೆಗೆ ಹುಡುಗನೂ ಅವರಪ್ಪನೂ ಆ ಚೀಲ ಹಿಡಿದು ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ಬಂದರು.