ಪಾಠದ ದೋಷ, ದಾರಿಯ ದೋಷ

ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ಒಂದು ಎಚ್ಚರ ಮೊದಲಿನಿಂದಲೇ ರೂಢಿಯಾಗಿರುತ್ತದೆ: ಪ್ರತಿಯಲ್ಲಿ ಕಂಡ ತಪ್ಪು ಕವಿಯದೋ ಲಿಪಿಕಾರನದೋ ಎಂಬುದು ನಿಶ್ಚಯವಾಗುವ ಮುನ್ನ ಪಾಠಕ್ಕೆ ಕೈಹಚ್ಚಬಾರದು. ಹಳೆಯ ಮನೆಬಳಕೆಯ ಕಂಪ್ಯೂಟರಿನಿಂದ ಬರಹವೊಂದನ್ನು ಕಾಗದಕ್ಕೆ ಇಳಿಸಲು ಹೊರಟವರಿಗೂ ಇದೇ ಎಚ್ಚರ ಬೇಕು. ಅಲ್ಲಿ ಲಿಪಿಕಾರನ ಸ್ಥಾನದಲ್ಲಿರುವುದು ಪ್ರಿಂಟರ್ ಕಾರ್ಡು.

1977ರಲ್ಲಿ ಮಾರುಕಟ್ಟೆಗೆ ಬಂದ ಆಪಲ್ 2 ಕಂಪ್ಯೂಟರಿಗೆ ಪ್ರಿಂಟರನ್ನು ನೇರವಾಗಿ ಜೋಡಿಸುವ ಏರ್ಪಾಡು ಇರಲಿಲ್ಲ. ಅದರ ಒಳಗೆ 0ರಿಂದ 7ರವರೆಗೆ ಎಂಟು ಸ್ಲಾಟುಗಳಿದ್ದವು. ರೂಢಿಯಂತೆ ಪ್ರಿಂಟರ್ ಕಾರ್ಡು 1ನೆಯ ಸ್ಲಾಟಿನಲ್ಲಿ ಕೂರುತ್ತಿತ್ತು. ಬೇಸಿಕ್ ಭಾಷೆಯಲ್ಲಿ ಪಿಆರ್#1 ಎಂದು ಆಜ್ಞೆ ಕೊಟ್ಟೊಡನೆ ಪರದೆಗೆ ಹೋಗುತ್ತಿದ್ದ ಅಕ್ಷರಗಳು ಆ ಕಾರ್ಡಿನತ್ತ ಹರಿಯುತ್ತಿದ್ದವು. ಅಲ್ಲಿಂದ ಮುಂದೆ ಒಂದೊಂದು ಅಕ್ಷರವೂ ಒಂದು ಸಂಖ್ಯೆಯಾಗಿ, ಎಂಟು ತಂತಿಗಳ ಮೂಲಕ ಪ್ರಿಂಟರನ್ನು ಸೇರುತ್ತಿತ್ತು. ಸೆಂಟ್ರಾನಿಕ್ಸ್ ಎಂಬ ಕಂಪನಿಯ ಹೆಸರಿನಿಂದಲೇ ಪ್ರಸಿದ್ಧವಾದ ಈ ಪದ್ಧತಿಯಲ್ಲಿ ಸ್ಟ್ರೋಬ್ ಎಂಬ ತಂತಿ ‘ಅಕ್ಷರ ಸಿದ್ಧವಾಗಿದೆ’ ಎಂದು ಸಾರುತ್ತದೆ. ಬ್ಯುಸಿ ಎಂಬ ತಂತಿ ‘ತುಸು ತಾಳು’ ಎನ್ನುತ್ತದೆ. ಈ ಸಂವಾದ ಕೆಟ್ಟರೆ ಅಕ್ಷರಗಳು ಲೋಪವಾಗುತ್ತವೆ, ಇಲ್ಲವೇ ಕಂಪ್ಯೂಟರು ಕಾಯುತ್ತಲೇ ನಿಂತುಬಿಡುತ್ತದೆ.

ಲೋಪಕ್ಕಿಂತ ಕುತೂಹಲಕರವಾದುದು ಪಲ್ಲಟ. ಆಸ್ಕಿ ಸಂಕೇತದಲ್ಲಿ ಎ ಅಕ್ಷರಕ್ಕೆ 65, ಬಿಗೆ 66, ಸಿಗೆ 67. ಎಂಟು ತಂತಿಗಳಲ್ಲಿ ಅತ್ಯಂತ ಕಡಿಮೆ ಬೆಲೆಯ ತಂತಿ, ಸಂಖ್ಯೆ ಸಮವೋ ಬೆಸವೋ ಎಂಬುದನ್ನು ಸೂಚಿಸುತ್ತದೆ. ದೋಷದಿಂದಾಗಿ ಆ ತಂತಿ ಸದಾ 1 ಆಗಿಯೇ ಉಳಿದರೆ ಬೆಸಸಂಖ್ಯೆಯ ಅಕ್ಷರಗಳು ಕ್ಷೇಮವಾಗಿರುತ್ತವೆ. ಸಮಸಂಖ್ಯೆಯವು ಒಂದೊಂದು ಸ್ಥಾನ ಮುಂದೆ ಜರುಗುತ್ತವೆ. ಬಿ ಸಿಯಾಗುತ್ತದೆ, ಡಿ ಇಯಾಗುತ್ತದೆ. ಎ, ಸಿ, ಇ ಮಾತ್ರ ಹಾಗೆಯೇ ಇರುತ್ತವೆ. ಪದಗಳ ನಡುವಿನ ತೆರಪಿನ ಸಂಖ್ಯೆ 32. ಅದು 33 ಆಗಿ, ತೆರಪು ಇರಬೇಕಾದ ಕಡೆಯಲ್ಲೆಲ್ಲ ಆಶ್ಚರ್ಯಸೂಚಕ ಚಿಹ್ನೆ ಮೂಡುತ್ತದೆ. ಅನಭ್ಯಸ್ತ ಕಣ್ಣಿಗೆ ಅದು ಹುಚ್ಚು ಬರಹ. ಆದರೆ ಧಕಾರವನ್ನೆಲ್ಲ ದಕಾರವಾಗಿಸಿದ ಓಲೆಪ್ರತಿಯನ್ನು ಓದಬಲ್ಲವರಿಗೆ ಅದರ ಮರ್ಮ ತಿಳಿಯುತ್ತದೆ: ನಿಯಮಬದ್ಧವಾದ ತಪ್ಪು ತನ್ನ ಕಾರಣವನ್ನು ತಾನೇ ಹೇಳುತ್ತದೆ.

ಮತ್ತೊಂದು ದೋಷ ಸಾಲುಗಳದು. ಸಾಲಿನ ಆರಂಭಕ್ಕೆ ಮರಳುವುದು ಒಂದು ಆಜ್ಞೆ, ಅದರ ಸಂಖ್ಯೆ 13. ಕಾಗದವನ್ನು ಒಂದು ಸಾಲು ಮೇಲಕ್ಕೆ ಸರಿಸುವುದು ಇನ್ನೊಂದು, ಅದರ ಸಂಖ್ಯೆ 10. ಎರಡನೆಯದನ್ನು ಕಾರ್ಡು ಸೇರಿಸಬಹುದು, ಪ್ರಿಂಟರಿನೊಳಗಿನ ಪುಟ್ಟ ಸ್ವಿಚ್ಚಿನ ಮೂಲಕ ಪ್ರಿಂಟರೂ ಸೇರಿಸಿಕೊಳ್ಳಬಹುದು. ಇಬ್ಬರೂ ಸೇರಿಸಿದರೆ ಸಾಲುಗಳ ಅಂತರ ಇಮ್ಮಡಿಯಾಗುತ್ತದೆ. ಇಬ್ಬರೂ ಸುಮ್ಮನಿದ್ದರೆ ಇಡೀ ಪುಟ ಒಂದೇ ಸಾಲಿನ ಮೇಲೆ ಬಿದ್ದು ಮಸಿಯ ಪಟ್ಟಿಯಾಗುತ್ತದೆ.

ಅಪಾಯವಿರುವುದು ಇಲ್ಲಿಯೇ. ಸಾಲುಗಳು ಒಂದರ ಮೇಲೊಂದು ಬಿದ್ದುದನ್ನು ಕಂಡು ಕಡತದ ಪ್ರತಿ ಸಾಲಿನ ಕೊನೆಗೂ 10ನ್ನು ಸೇರಿಸಿದವರು ಅಂದಿನ ಮುದ್ರಣವನ್ನೇನೋ ಸರಿಪಡಿಸಿಕೊಂಡಾರು. ಮುಂದೊಂದು ದಿನ ಅದೇ ಕಡತ ತಾನೇ ಕಾಗದ ಸರಿಸುವ ಪ್ರಿಂಟರಿಗೆ ಹೋದಾಗ ಸಾಲುಗಳು ದೂರದೂರ ಸಿಡಿಯುತ್ತವೆ. ದಾರಿಯ ದೋಷ ಈಗ ಪಾಠದ ದೋಷವಾಗಿರುತ್ತದೆ. ಫ್ಲಾಪಿಯಲ್ಲಿರುವುದು ತೀರಿಕೊಂಡ ತಂದೆಯ ಪತ್ರಗಳೋ ಅಚ್ಚಾಗದ ಕಾದಂಬರಿಯ ಏಕೈಕ ಪ್ರತಿಯೋ ಆಗಿದ್ದರೆ, ಆ ತಿದ್ದುಪಡಿಯ ಹಿಂದಣ ಮೂಲ ಇನ್ನೆಲ್ಲಿಯೂ ಸಿಗುವುದಿಲ್ಲ.

ದೋಷವೇ ಅರ್ಥದ ವೇಷ ತೊಡುವುದೂ ಉಂಟು. ಆಪಲ್ 2 ತನ್ನ ಅಕ್ಷರಗಳಲ್ಲಿ ಎಂಟನೆಯ ಬಿಟ್ಟನ್ನು 1 ಆಗಿ ಇರಿಸುತ್ತದೆ. ಎ ಅಲ್ಲಿ 65 ಅಲ್ಲ, 193. ಆ ಬಿಟ್ಟನ್ನು ಕಳೆಯದೆ ಕಾರ್ಡು ಹಾಗೆಯೇ ದಾಟಿಸಿದರೆ, ಎಪ್ಸನ್ ಎಫ್‌ಎಕ್ಸ್-80 ಪ್ರಿಂಟರು 193ನ್ನು ಓರೆಯಾದ ಎ ಎಂದೇ ಓದುತ್ತದೆ. ಪುಟವೆಲ್ಲ ಓರೆ ಅಕ್ಷರ. ಬರೆದವರು ಒತ್ತಿ ಹೇಳಲು ಬಯಸಿದ್ದರೆಂದು ಓದುಗ ಊಹಿಸಿಯಾನು. ಅಚ್ಚುಕಟ್ಟಾಗಿ ಕಾಣುವ ಇಂಥ ತಪ್ಪು ಹುಚ್ಚು ಬರಹಕ್ಕಿಂತ ಹೆಚ್ಚು ಮೋಸಗೊಳಿಸುತ್ತದೆ.

ಆದುದರಿಂದ ಬಲ್ಲ ದುರಸ್ತಿಗಾರರು ಕಡತವನ್ನು ಮುಟ್ಟದೆ ಕೊನೆಯಿಂದ ಮೂಲದತ್ತ ನಡೆಯುತ್ತಾರೆ. ಮೊದಲು ಪ್ರಿಂಟರಿನ ಸ್ವಯಂಪರೀಕ್ಷೆ: ಎಪ್ಸನ್ ಎಂಎಕ್ಸ್-80ರಲ್ಲಿ ಕಾಗದ ಸರಿಸುವ ಗುಂಡಿಯನ್ನು ಒತ್ತಿಹಿಡಿದು ವಿದ್ಯುತ್ ಕೊಟ್ಟರೆ ಅದು ತನ್ನ ಅಕ್ಷರಮಾಲೆಯನ್ನು ತಾನೇ ಮುದ್ರಿಸುತ್ತದೆ. ಅದು ಸರಿಯಿದ್ದರೆ ಸಂದೇಹ ಕೇಬಲ್ಲಿನ ಮೇಲೆ, ಬಳಿಕ ಕಾರ್ಡಿನ ಮೇಲೆ. ಕಾರ್ಡಿನ ಅಂಚಿನ ಲೋಹದ ಪಟ್ಟಿಗಳು ಕಿಲುಬು ಹಿಡಿದಿರಬಹುದು, ಚಿಪ್ಪುಗಳು ಕುಳಿಯಿಂದ ತುಸು ಮೇಲೆದ್ದಿರಬಹುದು. ಒರೆಸಿ ಒತ್ತಿ ಕೂರಿಸಿದರೆ ಅನೇಕ ವೇಳೆ ಅಷ್ಟೇ ಸಾಕಾಗುತ್ತದೆ. ಆದರೆ ವಿದ್ಯುತ್ ಇರುವಾಗ ಕಾರ್ಡನ್ನು ಕೀಳುವುದಾಗಲಿ ಕೂರಿಸುವುದಾಗಲಿ ಸಲ್ಲದು. ಸ್ಲಾಟಿನಲ್ಲಿ 5 ವೋಲ್ಟಿನ ಜೊತೆಗೇ 12 ವೋಲ್ಟೂ ಹರಿಯುತ್ತದೆ. ಅದು ತಪ್ಪು ಜಾಗಕ್ಕೆ ತಾಗಿದರೆ ಕಾರ್ಡೂ ಕಂಪ್ಯೂಟರೂ ಒಟ್ಟಿಗೇ ಸುಡಬಹುದು.

ಒಂದೊಂದು ಹೆಜ್ಜೆಯಲ್ಲೂ ಒಂದನ್ನೇ ಬದಲಿಸಿ, ಅದೇ ಪುಟವನ್ನು ಮತ್ತೆ ಮುದ್ರಿಸಿ, ಹಿಂದಿನದರೊಡನೆ ಹೋಲಿಸುವುದು ಈ ಕೆಲಸದ ಕ್ರಮ. ಕೆಟ್ಟು ಬಂದ ಪುಟಗಳನ್ನೂ ಅವರು ಎಸೆಯುವುದಿಲ್ಲ. ಯಾವ ತಪ್ಪು ಯಾವ ತಂತಿಯದು ಎಂಬುದಕ್ಕೆ ಅವರ ಬಳಿ ಇರುವ ಸಾಕ್ಷ್ಯ ಅವೇ.