ಒಬ್ಬರೇ ಹೊರಬಹುದಾದ ಬೆಳಕು

ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಬಿಸಿಲಿಗೆ ಬರವಿಲ್ಲ. ಆದರೆ ನಾವು ಫೋಟೋ ತೆಗೆಯಬೇಕಾದ ಹೊತ್ತಿಗೆ ಮಾತ್ರ ಬೆಳಕು ಇರುವುದಿಲ್ಲ. ಜಾತ್ರೆಯ ತೇರು ಎಳೆಯುವುದು ಸಂಜೆಗೆ. ನಾಟಕ ರಾತ್ರಿಗೆ. ಮದುವೆಯ ಅರಿಶಿಣ ನಡುಮನೆಯ ಕತ್ತಲಲ್ಲಿ. ರೈತರ ಸಭೆ ತಗಡಿನ ಶೆಡ್ಡಿನೊಳಗೆ.

ನಾವು ಮೂವರು ಗೆಳೆಯರು, ಬೇರೆ ಬೇರೆ ತಾಲೂಕಿನವರು, ಪತ್ರಿಕೆಗಳಿಗೆ ಸುದ್ದಿ ಕಳಿಸುತ್ತೇವೆ. ಸುದ್ದಿಯಿಂದ ಬರುವ ದುಡ್ಡು ಪೆಟ್ರೋಲಿಗೆ ಸರಿಹೋಗುತ್ತದೆ. ಮನೆ ನಡೆಯುವುದು ಮದುವೆ, ಕುಬಸ, ಗೃಹಪ್ರವೇಶದ ಫೋಟೋಗಳಿಂದ. ಹಾಗಾಗಿ ಯಾವ ಲೈಟು ಕೊಳ್ಳಬೇಕು ಎನ್ನುವುದು ನಮಗೆ ಹವ್ಯಾಸದ ಪ್ರಶ್ನೆಯಲ್ಲ. ತಪ್ಪು ಸಾಮಾನಿಗೆ ಹಣ ಹಾಕಿದರೆ ಎರಡು ತಿಂಗಳ ದುಡಿಮೆ ಹೋದಂತೆ. ಅದಕ್ಕೇ ಕೊಳ್ಳುವ ಮುಂಚೆ ಮೂವರೂ ಕೂತು ಒಂದು ನಿಯಮ ಮಾಡಿಕೊಂಡೆವು: ಒಬ್ಬರೇ ಬೈಕಿನಲ್ಲಿ ಒಯ್ಯುವಂತಿರಬೇಕು, ಇನ್ನೊಬ್ಬರ ಕರೆಂಟು ಕೇಳಬಾರದು, ಎದುರಿಗೆ ಕೂತವರು ಅದಕ್ಕೆ ಹೆದರಬಾರದು.

ಮೊದಲಿಗೆ ಫ್ಲ್ಯಾಷೋ, ಎಲ್‌ಇಡಿಯೋ ಎಂಬ ಪ್ರಶ್ನೆ. ಅಂಗಡಿಯಲ್ಲಿ ಎಲ್‌ಇಡಿ ಹಚ್ಚಿ ತೋರಿಸಿದರೆ ಕಣ್ಣಿಗೆ ಅದೇ ದೊಡ್ಡದಾಗಿ ಕಾಣುತ್ತದೆ. ಆದರೆ ಫೋಟೋಗೆ ಲೆಕ್ಕಕ್ಕೆ ಬರುವುದು ಶಟರ್ ತೆರೆದಿರುವ ಆ ಒಂದು ಕ್ಷಣ ಮಾತ್ರ. 60 ವ್ಯಾಟ್ ಎಲ್‌ಇಡಿ ದೀಪ ಸೆಕೆಂಡಿನ 125ನೇ ಒಂದು ಭಾಗದಲ್ಲಿ ಬಳಸುವ ಶಕ್ತಿ ಅರ್ಧ ಜೂಲ್‌ನಷ್ಟೂ ಆಗುವುದಿಲ್ಲ. ಅಂಗೈ ಅಗಲದ ಫ್ಲ್ಯಾಷ್ ಪೂರ್ತಿ ಬಲದಲ್ಲಿ ಹತ್ತಾರು ಜೂಲ್ ಶಕ್ತಿಯನ್ನು ಅದಕ್ಕಿಂತ ಕಡಿಮೆ ಹೊತ್ತಿನಲ್ಲಿ ಸುರಿಯುತ್ತದೆ. ದಾಳಿಂಬೆ ತೋಟದವರಿಗೆ ಬೇಗ ತಿಳಿಯುತ್ತದೆ: ಎಲ್‌ಇಡಿ ಹನಿ ನೀರಾವರಿ ಇದ್ದಂತೆ, ಫ್ಲ್ಯಾಷ್ ಕೊಡದ ನೀರನ್ನು ಒಮ್ಮೆಲೇ ಸುರಿದಂತೆ. ವಿಡಿಯೋಗೆ ಹನಿ ಬೇಕು. ಓಡಾಡುವ ಮದುವೆ ಜನಕ್ಕೆ ಕೊಡವೇ ಬೇಕು.

ಇನ್ನೊಂದು ಮಾತು ದೂರದ್ದು. ದೀಪದಿಂದ ಎರಡು ಮೀಟರ್ ದೂರದಲ್ಲಿರುವ ಮುಖವನ್ನು ನಾಲ್ಕು ಮೀಟರಿಗೆ ಸರಿಸಿದರೆ ಬೆಳಕು ಅರ್ಧವಾಗುವುದಿಲ್ಲ, ಕಾಲು ಭಾಗವಾಗುತ್ತದೆ. ಹಾಗಾಗಿಯೇ ವೇದಿಕೆಯಿಂದ ದೂರ ನಿಂತು ಫ್ಲ್ಯಾಷ್ ಹೊಡೆದರೆ ಮುಂದಿನ ಸಾಲಿನವರ ತಲೆ ಬೆಳ್ಳಗಾಗಿ, ಭಾಷಣಕಾರರು ಕಪ್ಪಗೇ ಉಳಿಯುತ್ತಾರೆ. ದೊಡ್ಡ ಲೈಟು ತರುವುದಕ್ಕಿಂತ ಸಣ್ಣ ಲೈಟು ಹಿಡಿದು ಹತ್ತಿರ ಹೋಗುವುದು ಮೇಲು.

ನಮ್ಮ ನಾಲ್ಕು ಊರುಗಳ ಬೆಳಕೂ ಒಂದೇ ತರಹದ್ದಲ್ಲ.

ಗಂಗಾವತಿ ಕಡೆಯ ಕಲ್ಯಾಣ ಮಂಟಪಗಳಲ್ಲಿ ಬಿಳಿ ಛಾವಣಿ ಇರುತ್ತದೆ. ಫ್ಲ್ಯಾಷಿನ ತಲೆಯನ್ನು ಮೇಲಕ್ಕೆ ತಿರುಗಿಸಿದರೆ ಬೆಳಕು ಛಾವಣಿಗೆ ಬಡಿದು, ಹರಡಿ, ಮೆತ್ತಗೆ ಕೆಳಗಿಳಿಯುತ್ತದೆ. ಇಲ್ಲಿ ಬೇರೇನೂ ಬೇಡ.

ಕುಷ್ಟಗಿ ಹಳ್ಳಿಗಳ ಮದುವೆ ಬಹುಪಾಲು ಮನೆ ಮುಂದಿನ ಪೆಂಡಾಲಿನಲ್ಲಿ. ಕೆಂಪು-ಹಳದಿ ಬಟ್ಟೆಗೆ ಫ್ಲ್ಯಾಷ್ ಹೊಡೆದರೆ ಮದುಮಗಳ ಮುಖವೂ ಕೆಂಪು-ಹಳದಿ. ಇಲ್ಲಿ ಫ್ಲ್ಯಾಷನ್ನು ಕ್ಯಾಮೆರಾದಿಂದ ಬಿಚ್ಚಿ, ಸ್ಟ್ಯಾಂಡಿಗೆ ಹಾಕಿ, ಬಿಳಿ ಛತ್ರಿಯ ಮೂಲಕ ಹಾಯಿಸಬೇಕು. ಕ್ಯಾಮೆರಾದ ಮೇಲೆ ಒಂದು ರೇಡಿಯೊ ಟ್ರಿಗರ್ ಇದ್ದರೆ ವೈರಿನ ಕಾಟವಿಲ್ಲ. ಆದರೆ ನಮ್ಮ ಬಯಲಿನ ಗಾಳಿಗೆ ಛತ್ರಿಯೆಂದರೆ ಗಾಳಿಪಟ. ಖಾಲಿ ಚೀಲ ಒಯ್ದು ಅಲ್ಲೇ ಮರಳು ತುಂಬಿ ಸ್ಟ್ಯಾಂಡಿನ ಕಾಲಿಗೆ ಕಟ್ಟುತ್ತೇವೆ.

ಯಲಬುರ್ಗಾ ಕಡೆಯ ಹಳೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಜಂತಿ ಹೊಗೆ ಹಿಡಿದು ಕಪ್ಪಾಗಿರುತ್ತದೆ. ಮೇಲೆ ಹೊಡೆದ ಬೆಳಕನ್ನು ಅದು ನುಂಗಿಬಿಡುತ್ತದೆ. ಅಲ್ಲಿ ನಮಗೆ ನೆರವಾಗುವುದು ಬಾಗಿಲು. ಬಾಗಿಲಿನಿಂದ ಬರುವ ಹಗಲು ಬೆಳಕು ಒಂದು ಕಡೆ, ಇನ್ನೊಂದು ಕಡೆ ಬಿಳಿ ಥರ್ಮೋಕೋಲ್ ಹಾಳೆ ಅಥವಾ ಒಗೆದ ಪಂಜೆ.

ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಎಲ್ಲರ ಕ್ಯಾಮೆರಾ ತೇರಿನ ಕಡೆ ತಿರುಗಿರುತ್ತದೆ. ತೇರಿಗೆ ಯಾವ ಲೈಟೂ ಮುಟ್ಟುವುದಿಲ್ಲ, ಅದಕ್ಕೆ ಸಂಜೆ ಆಕಾಶವೇ ಸಾಕು. ನಮಗೆ ಲೈಟು ಬೇಕಾಗುವುದು ದಾಸೋಹದ ಕಡೆ. ಅಲ್ಲಿ ಹಳ್ಳಿಹಳ್ಳಿಗಳಿಂದ ಬಂದ ಜೋಳದ ರೊಟ್ಟಿ, ದೊಡ್ಡ ಕೊಪ್ಪರಿಗೆಗಳು, ಹಬೆ, ಹೊಗೆ. ಎದುರಿನಿಂದ ಫ್ಲ್ಯಾಷ್ ಹೊಡೆದರೆ ಹಬೆಯೇ ಬಿಳಿ ಗೋಡೆಯಾಗಿ, ಅಡುಗೆ ಮಾಡುವವರು ಮಾಯವಾಗುತ್ತಾರೆ. ಸಣ್ಣ ಎಲ್‌ಇಡಿಯನ್ನು ಪಕ್ಕದಲ್ಲಿ, ತುಸು ಹಿಂದೆ ಹಿಡಿದರೆ ಹಬೆಗೆ ರೂಪ ಬರುತ್ತದೆ, ಮುಖವೂ ಕಾಣುತ್ತದೆ.

ಹಬೆಯ ಹಿಂದಿರುವ ಈ ಮುಖಗಳ ವಿಷಯಕ್ಕೆ ಬಂದರೆ ಜೇಕಬ್ ರೀಸ್ ನೆನಪಾಗುತ್ತಾನೆ. ನ್ಯೂಯಾರ್ಕಿನಲ್ಲಿ ಅವನೂ ನಮ್ಮಂತೆ ವರದಿಗಾರ. 1887ರ ಸುಮಾರಿಗೆ ಹೊಸದಾಗಿ ಬಂದ ಮೆಗ್ನೀಸಿಯಂ ಮದ್ದಿನ ಬೆಳಕು ಹಿಡಿದು ಬಡವರ ಕತ್ತಲೆ ಕೋಣೆಗಳಿಗೆ ಹೋದ. 1890ರಲ್ಲಿ ಅವನ ಪುಸ್ತಕ ಬಂದಾಗ, ಆ ಊರಿನ ಉಳ್ಳವರು ನೋಡದೇ ಇದ್ದ ಬದುಕು ಅವರ ಕಣ್ಣಿಗೆ ಬಿತ್ತು. ಅದೇ ರೀಸ್ ಸರಿರಾತ್ರಿಯಲ್ಲಿ ಕೇಳದೆ ನುಗ್ಗಿ ಮದ್ದು ಸಿಡಿಸಿದ್ದೂ ಉಂಟು. ಒಮ್ಮೆ ಮನೆಯೊಂದಕ್ಕೆ ಬೆಂಕಿಯೂ ತಗುಲಿತ್ತು. ಬೆಳಕು ಒಳ್ಳೆಯ ಕೆಲಸಕ್ಕೆ ಬಂದರೂ ಎದುರಿಗಿರುವವರ ಪಾಲಿಗೆ ಅದು ದಾಳಿಯೂ ಆಗಬಹುದು.

ನಮ್ಮಲ್ಲಿ ಮದುವೆಗೆ ಸಾವಿರ ವ್ಯಾಟಿನ ವಿಡಿಯೋ ಲೈಟು ಹಿಡಿಯುತ್ತಿದ್ದ ಕಾಲ ನೆನಪಿದೆಯೇ? ಮದುಮಗಳು ಬೆವರಿ, ಹಿರಿಯರು ಕೈ ಅಡ್ಡ ಹಿಡಿಯುತ್ತಿದ್ದರು. ಎಲ್‌ಇಡಿಯಲ್ಲಿ ಆ ಕಾವು ಇಲ್ಲ, ಆದರೆ ನೇರ ಹಿಡಿದರೆ ಚುಚ್ಚುವುದು ತಪ್ಪಿಲ್ಲ. ಕಣ್ಣಿನ ಪೊರೆ ಬಂದ ಅಜ್ಜಿಯೊಬ್ಬರು ಒಂದು ಮದುವೆಯಲ್ಲಿ, "ಯಪ್ಪಾ, ಅದನ್ನ ಅತ್ಲಾಗ ತಿರುವು, ಕಣ್ಣು ಕುಕ್ಕತೈತಿ" ಅಂದರು. "ಆತು ಯವ್ವಾ" ಎಂದು ಲೈಟನ್ನು ಪಕ್ಕದ ಸುಣ್ಣದ ಗೋಡೆಗೆ ತಿರುಗಿಸಿದೆವು. ಫೋಟೋ ಮೊದಲಿಗಿಂತ ಚೆನ್ನಾಗಿ ಬಂತು. ಬೆಳಕಿನ ಮೂಲ ದೊಡ್ಡದಾದಷ್ಟೂ ನೆರಳು ಮೆತ್ತಗಾಗುತ್ತದೆ. ಕಣ್ಣಿಗೆ ಹಿತವಾದದ್ದು ಫೋಟೋಗೂ ಹಿತ.

ಹಳ್ಳಿಯ ಮನೆಗಳಲ್ಲಿ ಹಿರಿಯರು ತೀರಿಕೊಂಡಾಗ ಗೋಡೆಗೆ ಹಾಕಲು ಫೋಟೋ ಹುಡುಕುತ್ತಾರೆ. ಸಿಗುವುದು ಆಧಾರ್ ಕಾರ್ಡಿನದ್ದು, ಇಲ್ಲವೇ ಯಾರದೋ ಮದುವೆಯ ಗುಂಪಿನಿಂದ ಕತ್ತರಿಸಿದ್ದು. ನೇರ ಫ್ಲ್ಯಾಷಿಗೆ ಮುಖ ಬಿಳಚಿ, ಕಣ್ಣು ಕೆಂಪಾಗಿ, ಹಿಂದೆ ಕರಿ ನೆರಳು. ಅದರ ಮೇಲೆ ಕಂಪ್ಯೂಟರಿನಲ್ಲಿ ಇನ್ನಷ್ಟು ಬಿಳಿ ಬಳಿಯುತ್ತಾರೆ. ಎಪ್ಪತ್ತು ವರ್ಷ ಬಿಸಿಲಲ್ಲಿ ದುಡಿದವರ ಬಣ್ಣವೇ ಹೋಗಿರುತ್ತದೆ. ಈಗ ಯಾವ ಮದುವೆಗೆ ಹೋದರೂ ನಾವು ಹತ್ತು ನಿಮಿಷ ಎತ್ತಿಟ್ಟು ಆ ಮನೆಯ ಹಿರಿಯರನ್ನು ಒಬ್ಬೊಬ್ಬರನ್ನಾಗಿ ಕೂರಿಸುತ್ತೇವೆ. ಛತ್ರಿಯನ್ನು ಅವರಿಂದ ಒಂದೂವರೆ ಮೀಟರ್ ಒಳಗೆ, ಕಣ್ಣಿಗಿಂತ ತುಸು ಮೇಲೆ, ಪಕ್ಕಕ್ಕೆ ಇಡುತ್ತೇವೆ. ಫ್ಲ್ಯಾಷಿನ ಬಲ ಕಡಿಮೆ. ಇದಕ್ಕೆ ಬೇರೆ ದುಡ್ಡು ಕೇಳುವುದಿಲ್ಲ.

ಕೊನೆಗೆ ನಾವು ಕೊಂಡದ್ದು ಇಷ್ಟು: ಕೈಯಲ್ಲೇ ಬಲ ಹೊಂದಿಸುವ ಒಂದು ಫ್ಲ್ಯಾಷ್, ಟ್ರಿಗರ್, ಸುಮಾರು ಒಂದು ಮೀಟರ್ ಅಗಲದ ಬಿಳಿ ಛತ್ರಿ, ಮಡಚುವ ಸ್ಟ್ಯಾಂಡ್, ಎಂಟು ಚಾರ್ಜ್ ಸೆಲ್ಲು, ಒಂದು ಸಣ್ಣ ಎಲ್‌ಇಡಿ. ಎಲ್ಲ ಸೇರಿ 15 ಸಾವಿರ ರೂಪಾಯಿ ಆಸುಪಾಸು. ಒಂದೇ ಹೆಗಲ ಚೀಲದಲ್ಲಿ ಹಿಡಿಯುತ್ತದೆ.

ಕೊಳ್ಳುವವರು ಗಮನಿಸಬೇಕಾದದ್ದು ಮೂರು.

ಒಂದು, ಸೆಲ್ಲು. ಗೋಡೆ ಗಡಿಯಾರದ ಸೆಲ್ಲು ಫ್ಲ್ಯಾಷಿಗೆ ತಡೆಯುವುದಿಲ್ಲ. ಎನ್‌ಐಎಂಎಚ್ ಎಂದು ಬರೆದ ಚಾರ್ಜ್ ಸೆಲ್ಲು ಕೊಳ್ಳಿ. ಎಲ್‌ಇಡಿಗಾದರೆ ಪವರ್ ಬ್ಯಾಂಕಿನಿಂದ ನಡೆಯುವುದು ಒಳ್ಳೆಯದು. 20,000 ಎಂಎಎಚ್ ಪವರ್ ಬ್ಯಾಂಕಿನಲ್ಲಿ ಸುಮಾರು 74 ವ್ಯಾಟ್-ಗಂಟೆ ಇರುತ್ತದೆ. 15 ವ್ಯಾಟ್ ದೀಪಕ್ಕೆ ನಾಲ್ಕು ಗಂಟೆ ಬಂದೀತು.

ಎರಡು, ಬಣ್ಣ. ಎಲ್‌ಇಡಿ ಡಬ್ಬಿಯ ಮೇಲೆ ಸಿಆರ್‌ಐ 95 ಅಥವಾ ಹೆಚ್ಚು ಎಂದಿರಲಿ. ಕಡಿಮೆಯಿದ್ದರೆ ನಮ್ಮ ಮೈಬಣ್ಣ ಬೂದಿ ಬಳಿದಂತೆ ಬರುತ್ತದೆ.

ಮೂರು, ಮಂಟಪದ ದೀಪಗಳು. ನಮ್ಮ ಕರೆಂಟು 50 ಹರ್ಟ್ಸ್‌ನದ್ದು. ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ, ಫೋಟೋದಲ್ಲಿ ಪಟ್ಟೆ ಬೀಳುತ್ತದೆ. ಶಟರನ್ನು 1/50 ಅಥವಾ 1/100ಕ್ಕೆ ಇಟ್ಟರೆ ಹೆಚ್ಚಿನ ಕಡೆ ಪಟ್ಟೆ ಹೋಗುತ್ತದೆ.

ಇವೇನೂ ಇಲ್ಲದೆ ಕೈಯಲ್ಲಿ ಬರೀ ಮೊಬೈಲ್ ಇದ್ದರೂ ಚಿಂತೆಯಿಲ್ಲ. ಮನೆಯಲ್ಲಿ ಹಿರಿಯರಿದ್ದರೆ ನಾಳೆ ಬೆಳಿಗ್ಗೆ ಅವರನ್ನು ತಲಬಾಗಿಲ ಒಳಗೆ, ನೇರ ಬಿಸಿಲು ಬೀಳದ ಕಡೆ, ಬಾಗಿಲಿಗೆ ಓರೆಯಾಗಿ ಕೂರಿಸಿ. ಫ್ಲ್ಯಾಷ್ ಬಂದ್ ಮಾಡಿ. ನಾಲ್ಕು ಮಾತು ಆಡಿಸುತ್ತ ಫೋಟೋ ತೆಗೆಯಿರಿ. ಒಂದು ಪ್ರಿಂಟ್ ಹಾಕಿಸಿ ಅವರ ಕೈಗೇ ಕೊಡಿ, ಅವರೂ ನೋಡಲಿ.