ತೆಂಗಿನಕಾಯಿಗೆ ಮೊದಲ ಈಡು

ಶಂಕರಘಟ್ಟದಿಂದ ಹೊರಟು, ಹಾಸನದಲ್ಲಿ ಬಸ್ಸು ಬದಲಿಸಿ, ಬೆಳಕು ಹರಿಯುವ ಹೊತ್ತಿಗೆ ನೀವು ಕೊಡಗಿನ ಗೆಳೆಯನ ಐನ್‌ಮನೆಯ, ಎಂದರೆ ಮನೆತನದ ಮೂಲ ಮನೆಯ, ಅಂಗಳದಲ್ಲಿದ್ದೀರಿ. ಇವತ್ತು ಸೆಪ್ಟೆಂಬರ್ 3, ಕೈಲ್ ಮುಹೂರ್ತ. ಕೊಡವರ ಬಾಯಲ್ಲಿ ಕೈಲ್ ಪೊಳ್ದ್. ನಾಟಿ ಮುಗಿದ ಗದ್ದೆಗಳ ಮೇಲೆ ಮಳೆ ಜಿನುಗುತ್ತಿದೆ. ಒಳಗೆ ದೀಪದ ಮುಂದೆ ಕೋವಿಗಳನ್ನೂ ಒಡಿಕತ್ತಿಯನ್ನೂ ಸಾಲಾಗಿ ಇಟ್ಟಿದ್ದಾರೆ. ಒಂದೊಂದು ನಳಿಗೆಗೂ ಕೆಂಪು ಹಳದಿಯ ತೋಕ್ ಪೂ ಸಿಕ್ಕಿಸಿದೆ. ನಮ್ಮ ಕಡೆ ಬೇಲಿಯಲ್ಲಿ ತಾನಾಗಿ ಹಬ್ಬುವ ಅಗ್ನಿಶಿಖೆಯೇ ಅದು. ಗೆಳೆಯನ ಅಜ್ಜ ಪೂಜೆ ಮುಗಿಸಿ ಕೋವಿ ಎತ್ತಿ ಕೊಡುತ್ತಾರೆ. ಕಿರಿಯರು ಕಾಲು ಮುಟ್ಟಿ ತೆಗೆದುಕೊಳ್ಳುತ್ತಾರೆ.

ಆಮೇಲೆ ಅಕ್ಕಿಯುಂಡೆ ಕಡಂಬುಟ್ಟು, ಹಂದಿ ಮಾಂಸದ ಪಂದಿ ಕರಿ. ಹಿಂದೆಯೇ ಗ್ಲಾಸೂ ಬರುತ್ತದೆ. ಹಬ್ಬದ ದಿನ ಬೇಡ ಎನ್ನುವುದು ಕಷ್ಟ. ಆದರೂ "ಗುಂಡು ಹೊಡೆದು ಬಂದ ಮೇಲೆ" ಎಂದುಬಿಡಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಅಜ್ಜ ತಮ್ಮ ಗ್ಲಾಸನ್ನೂ ಮುಟ್ಟಿಲ್ಲ, ಗಮನಿಸಿ.

"ಮೊದಲ ಸಲವಾ ಮಗ?"

"ಎನ್‌ಸಿಸಿಯಲ್ಲಿ ಹೊಡೆದಿದ್ದೇನೆ ಅಜ್ಜ."

"ಮಲಗಿಕೊಂಡಾ?"

ಹೌದು, ಮಲಗಿಕೊಂಡೇ. ಇಪ್ಪತ್ತೈದು ಗಜ ದೂರದ ಕಾಗದಕ್ಕೆ, ಪಾಯಿಂಟ್ ಟೂ ಟೂ ರೈಫಲ್ಲಿನಲ್ಲಿ, ಮೊಣಕೈ ನೆಲಕ್ಕೂರಿ, ಉಸ್ತಾದರು ಹಿಂದಿಯಲ್ಲಿ ಕೂಗಿದಂತೆ. ಇಲ್ಲಿ ನಿಂತು ಹೊಡೆಯಬೇಕು, ಕೈಯಲ್ಲಿರುವುದು ಹನ್ನೆರಡು ಬೋರಿನ ತೋಟಾ ಕೋವಿ, ಸುತ್ತ ಅರ್ಧ ಊರೇ ನೆರೆದಿದೆ. ಹಾಗೆಂದು ಕಲಿತದ್ದು ದಂಡವಾಗಲಿಲ್ಲ. ಹೊಡೆದಾದ ಮೇಲೆ ನಳಿಗೆ ತೆರೆದು ಖಾಲಿ ಎಂದು ತೋರಿಸುವ 'ಜಾಂಚ್ ಶಸ್ತ್ರ್' ನಿಮ್ಮ ಕೈಗೆ ಬಂದುಬಿಟ್ಟಿದೆ. ಇವತ್ತು ಕಾಯಿಗಿಂತ ಮೊದಲು ಕಾಪಾಡುವುದು ಅದೇ.

ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯ ಮೈದಾನಕ್ಕೆ ಬಂದ ಕೂಡಲೇ ಹೆಸರು ಬರೆಸಿ, ಹಿಂದೆ ನಿಂತುಬಿಡಿ. ಮೊದಲ ಹತ್ತು ಜನ ಹೊಡೆಯುವುದನ್ನು ನೋಡಿ. ಗದ್ದೆಯಾಚೆ ಎತ್ತರದ ಮಣ್ಣಿನ ಧರೆ, ಅದರ ಮುಂದೆ ಕಂಬಕ್ಕೆ ಕಟ್ಟಿದ ತೆಂಗಿನಕಾಯಿ. ಧರೆ ಯಾಕೆ ಎಂದು ಕೇಳಬೇಕಿಲ್ಲ. ಪಾಯಿಂಟ್ ಟೂ ಟೂ ಎಂಬ ಸಣ್ಣ ಗುಂಡೂ ತಡೆಯಿಲ್ಲದಿದ್ದರೆ ಒಂದು ಕಿಲೋಮೀಟರಿಗೂ ಮಿಕ್ಕಿ ಹೋಗುತ್ತದೆ. ಹಿಂದೆ ಧರೆಯಿಲ್ಲದೆ ಆಕಾಶಕ್ಕೆ ಮುಖ ಮಾಡಿ ಕಾಯಿ ಕಟ್ಟಿದ ಕಡೆ, ಎಷ್ಟೇ ದೊಡ್ಡ ಬಹುಮಾನವಿರಲಿ, ಕೋವಿ ಮುಟ್ಟಬೇಡಿ.

ಪಕ್ಕದಲ್ಲಿ ನಿಂತವರು ಕೊಡಗಿನ ಸಂಗತಿ ಹೇಳುತ್ತಾರೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ದೂರದ ಮನೆಗೆ ಸುದ್ದಿ ಮುಟ್ಟುತ್ತಿದ್ದದ್ದೇ ಹಾಗೆ. ಬ್ರಿಟಿಷರ ಕಾಲದಿಂದ ಬಂದ ಲೈಸೆನ್ಸ್ ವಿನಾಯಿತಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಇನ್ನೂ ಇದೆ; 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, ರಾಜ್ಯ ಹೈಕೋರ್ಟು 2021ರಲ್ಲಿ ಎತ್ತಿಹಿಡಿಯಿತು. ಆ ವಿನಾಯಿತಿ ಶಂಕರಘಟ್ಟದವರಿಗೆ ಅಂಟಿಕೊಂಡು ಬರುವುದಿಲ್ಲ. ಹೊರಗಿನವರು ಯಾವ ವಿಭಾಗದಲ್ಲಿ, ಯಾರ ಕೋವಿಯಲ್ಲಿ ಹೊಡೆಯಬಹುದು ಎಂದು ಆಯೋಜಕರನ್ನು ವಾರ ಮೊದಲೇ ಕೇಳಿರಬೇಕು. ನೀವು ಕೇಳಿದ್ದೀರಿ. ಕೋವಿ ಅಜ್ಜನದು, ಅಜ್ಜ ನಿಮ್ಮ ಮಗ್ಗುಲಲ್ಲೇ ಇರುತ್ತಾರೆ.

ಮೈಕಿನಲ್ಲಿ ನಿಮ್ಮ ಹೆಸರು. "ಶಂಕರಘಟ್ಟ, ಶಿವಮೊಗ್ಗ ಜಿಲ್ಲೆ" ಎಂದದ್ದೇ ಜನ ತಿರುಗಿ ನೋಡುತ್ತಾರೆ. ಅಂಗೈ ಬೆವರುತ್ತದೆ, ಒರೆಸಿಕೊಳ್ಳಿ. ಕಿವಿಗೆ ಇಯರ್ ಪ್ಲಗ್ ತುರುಕಿ, ಕನ್ನಡಕ ಹಾಕಿಕೊಳ್ಳಿ. ಗೆರೆಯ ಬಳಿ ಕೆಸರು. ಚಪ್ಪಲಿಯಲ್ಲಿ ಬಂದವನೊಬ್ಬ ಆಗಲೇ ಜಾರಿ ನಗೆಪಾಟಲಾಗಿದ್ದಾನೆ. ನಿಮ್ಮದು ಹಲ್ಲಿರುವ ಬೂಟು.

ಅಜ್ಜ ಕೋವಿ ಮುರಿದು, ಎಂದರೆ ಕೀಲಿನಲ್ಲಿ ಮಡಿಸಿ ತೆರೆದು, ಕೊಡುತ್ತಾರೆ. ನಳಿಗೆಯೊಳಗೆ ಬೆಳಕು ಕಾಣುತ್ತದೆ. ಅವರು ನೋಡಿದ್ದಾರೆ, ಆದರೂ ನೀವೂ ನೋಡಿ. ಎಡಗಾಲು ಮುಂದೆ, ಮೈಭಾರ ಚೂರು ಮುಂದಕ್ಕೆ. ತೀರ್ಪುಗಾರ ತಲೆಯಾಡಿಸಿದ ಮೇಲೆ ಒಂದು ತೋಟಾ ಒಳಗೆ. ಬೆರಳು ಟ್ರಿಗರ್ ಮೇಲಲ್ಲ, ಮರದ ಮೇಲೆ. ಹಿಡಿಯನ್ನು ಭುಜದ ಗುಳಿಗೆ ಗಟ್ಟಿಯಾಗಿ ಒತ್ತಿ. ಸಡಿಲ ಹಿಡಿದರೆ ಸಂಜೆ ಅನ್ನ ಕಲಸಲೂ ಕೈ ಏಳುವುದಿಲ್ಲ. ಕೆನ್ನೆ ಮರಕ್ಕೆ ತಾಗಲಿ. ನಳಿಗೆಯ ತುದಿಯ ಮಣಿ ಸ್ಪಷ್ಟ, ಕಾಯಿ ಸ್ವಲ್ಪ ಮಸುಕು, ಹೀಗೇ ಇರಬೇಕು. ಉಸಿರು ಅರ್ಧ ಬಿಟ್ಟು ನಿಲ್ಲಿಸಿ. ಬೆರಳು ಮೆಲ್ಲಗೆ ಹಿಂದಕ್ಕೆ.

ಟಿಕ್.

ಅಷ್ಟೇ. ಸದ್ದಿಲ್ಲ, ಹೊಗೆಯಿಲ್ಲ. ಹಿಂದಿನಿಂದ ಯಾರೋ ನಗುತ್ತಾರೆ. ಇಡೀ ದಿನದ ಪರೀಕ್ಷೆ ಇದೇ. ಏನಾಯಿತೆಂದು ಅಜ್ಜನ ಕಡೆ ತಿರುಗುವ ಆಸೆ ಮೈಯೆಲ್ಲ ಎಳೆಯುತ್ತದೆ, ತಿರುಗಿದರೆ ನಳಿಗೆಯೂ ಜನರ ಕಡೆ ತಿರುಗುತ್ತದೆ. ತಿರುಗಬೇಡಿ. ತಕ್ಷಣ ಕೋವಿ ಮುರಿಯಲೂ ಬೇಡಿ. ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು. ನಳಿಗೆಯ ಬಾಯಿ ಧರೆಯ ಕಡೆಗೇ ಇರಲಿ, ಬೆರಳು ಹೊರಗೆ. ಅರ್ಧ ನಿಮಿಷ ಎಣಿಸಿ. ಆ ಅರ್ಧ ನಿಮಿಷ ಎಷ್ಟು ಉದ್ದವೆಂದರೆ ನಕ್ಕವನೂ ಸುಮ್ಮನಾಗುತ್ತಾನೆ. "ಸರಿ, ತೆಗಿ" ಎನ್ನುತ್ತಾರೆ ಅಜ್ಜ, ಮೆಲ್ಲಗೆ.

ಹೊಸ ತೋಟಾ. ಈ ಸಲ ಢಂ ಎನ್ನುತ್ತದೆ, ಭುಜ ಹಿಂದೆ ಸರಿಯುತ್ತದೆ, ಧರೆಯ ಮಣ್ಣು ಕಾಯಿಯ ಒಂದು ಗೇಣು ಎಡಕ್ಕೆ ಸಿಡಿಯುತ್ತದೆ. ಕಾಯಿ ನಿಶ್ಚಿಂತೆಯಾಗಿ ಅಲ್ಲೇ ಇದೆ. ಸದ್ದು ನಿರೀಕ್ಷಿಸಿ ಕೈ ಬಿಗಿದಿರಿ, ಅದಕ್ಕೇ ತಪ್ಪಿತು. ಹೊಸಬರಿಗೆಲ್ಲ ಆಗುವುದೇ ಇದು. ನಿಮ್ಮ ನಂತರ ಬಂದ ಹುಡುಗಿ ಒಂದೇ ಈಡಿಗೆ ಕಾಯಿ ಹೋಳು ಮಾಡಿ, ಕೋವಿ ಮುರಿದು ತೋರಿಸಿ, ಏನೂ ಆಗದವಳಂತೆ ಹೋಗುತ್ತಾಳೆ. ಅವಳ ಅವಸರವಿಲ್ಲದ ಕೈ ನೋಡಿಕೊಳ್ಳಿ. ಕಾಯಿಯನ್ನು ಆಮೇಲೂ ನೋಡಬಹುದು.

ಹೊರದೇಶಗಳಲ್ಲಿ ಗುರಿ ಹೊಡೆಯುವ ಇಂಥದ್ದೊಂದು ಆಟ ಗಡಿಯಾರ ಕಟ್ಟಿಕೊಂಡು ಓಡುತ್ತದೆ. 1976ರಲ್ಲಿ ಅಮೆರಿಕದ ಮಿಸೌರಿಯ ಕೊಲಂಬಿಯಾ ಊರಿನಲ್ಲಿ ಸೇರಿದವರು ಪ್ರಾಕ್ಟಿಕಲ್ ಶೂಟಿಂಗ್‌ನ ಅಂತರರಾಷ್ಟ್ರೀಯ ಒಕ್ಕೂಟ ಕಟ್ಟಿದರು. ಜೆಫ್ ಕೂಪರ್ ಅದರ ಮೊದಲ ಅಧ್ಯಕ್ಷ. ಅಲ್ಲಿ ಗಳಿಸಿದ ಅಂಕವನ್ನು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸುತ್ತಾರೆ. ಹೊಸಬರು ಇದನ್ನು ಕೇಳಿದ ಕೂಡಲೇ ಓಡಲು ಶುರುಮಾಡುತ್ತಾರೆ, ಅಂಕವೇ ಇಲ್ಲದಿದ್ದರೆ ಯಾವ ಸೆಕೆಂಡಿನಿಂದ ಭಾಗಿಸಿದರೂ ಸೊನ್ನೆಯೇ ಎಂಬುದು ಆಮೇಲೆ ತಿಳಿಯುತ್ತದೆ. ಗುರಿ ತಪ್ಪಿದರೆ ಅಂಕ ಹೋಗುತ್ತದೆ. ತುಂಬಿದ ಕೋವಿ ಕೈಜಾರಿದರೆ, ನಳಿಗೆ ಹಿಂದಕ್ಕೆ ತಿರುಗಿದರೆ ಆ ಸ್ಪರ್ಧೆಯಿಂದಲೇ ಹೊರಗೆ. ಚಾಂಪಿಯನ್ನನಿಗೂ ಮಾಫಿಯಿಲ್ಲ. ನಮ್ಮ ಊರಹಬ್ಬದ ಸ್ಪರ್ಧೆಗಳಲ್ಲೂ ಇಷ್ಟು ಬಿಗಿ ಎಲ್ಲೆಡೆ ಇರಬೇಕು ಎಂಬುದು ನನ್ನ ಹಟ.

ಸಂಜೆ ಗ್ಲಾಸು ಮತ್ತೆ ಬರುತ್ತದೆ, ಈಗ ಧಾರಾಳವಾಗಿ ತೆಗೆದುಕೊಳ್ಳಿ. ಅಜ್ಜ ಕೋವಿ ಒರೆಸುತ್ತಾ, ಕಾಯಿಯ ಮಾತೆತ್ತದೆ, "ಬರುವ ವರ್ಷ ಬಾ" ಎನ್ನುತ್ತಾರೆ.

ಊರಿಗೆ ಹಿಂತಿರುಗಿದ ಮೇಲೆ ಕೈ ಪಳಗಿಸಲೆಂದು ಭದ್ರಾ ಕಾಡಿನಂಚಿನ ತೋಟಗಳಲ್ಲಿ ಯಾರದೋ ಕೋವಿ ಕೇಳಿಕೊಂಡು ಓಡಾಡಬೇಡಿ. ಆ ಕಾಡು ಹುಲಿ ಮೀಸಲು ಪ್ರದೇಶ, ಸಿಕ್ಕಿಬಿದ್ದರೆ ಕೋವಿ ಕೊಟ್ಟವರೂ ಜೈಲು ಸೇರಬಹುದು. ಕರ್ನಾಟಕದಲ್ಲಿ ಜಿಲ್ಲಾ ಪೊಲೀಸರು ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತಾರೆ. ಶಿವಮೊಗ್ಗದಲ್ಲಿ ಮುಂದಿನದು ಯಾವಾಗ ಎಂದು ಪೊಲೀಸ್ ಕಚೇರಿಯಲ್ಲಿ ಈ ವಾರವೇ ವಿಚಾರಿಸಿ.